ಅರವತ್ನಾಲ್ಕು ಕುರ್ಚಿಗೆ ಒಂದೇ ವೈಫೈ: ಸಪ್ತಾಪುರದ ಓದುವ ಕೋಣೆಯಲ್ಲಿ ಏಳು ತಿಂಗಳು

ಧಾರವಾಡದ ಸಪ್ತಾಪುರ ಬಾವಿಯಿಂದ ಐದು ನಿಮಿಷ ನಡೆದರೆ ಸಿಗುವ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ಅರವತ್ನಾಲ್ಕು ಕುರ್ಚಿಗಳ ಓದುವ ಕೋಣೆಯಿದೆ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಎಂದು ವರ್ಷಗಟ್ಟಲೆ ಓದುವ ಹುಡುಗ ಹುಡುಗಿಯರು ಇಂಥ ಜಾಗಗಳನ್ನು ‘ಲೈಬ್ರರಿ’ ಎಂದೇ ಕರೆಯುತ್ತಾರೆ. ಪುಸ್ತಕ ಮಾತ್ರ ಅವರವರ ಚೀಲದಲ್ಲೇ ಬರಬೇಕು. ತಿಂಗಳಿಗೆ 1,100 ರೂಪಾಯಿ ಕೊಟ್ಟರೆ ಬೆಳಿಗ್ಗೆ ಆರರಿಂದ ರಾತ್ರಿ ಹನ್ನೊಂದರವರೆಗೆ ಒಂದು ಮೇಜು, ಒಂದು ಪ್ಲಗ್, ತಲೆಯ ಮೇಲೊಂದು ಫ್ಯಾನು, ಶುದ್ಧ ನೀರು ಮತ್ತು ವೈಫೈ. ಮೊದಲ ನಾಲ್ಕರ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಎಲ್ಲವೂ ಚೆನ್ನಾಗಿವೆ. ಈ ವಿಮರ್ಶೆ ಐದನೆಯದರ ಕುರಿತು. ಎಲೆಕ್ಟ್ರಾನಿಕ್ಸ್ ಓದಿ, ಬೆಂಗಳೂರಿನಲ್ಲಿ ಕೆಲವು ವರ್ಷ ನೆಟ್‌ವರ್ಕ್ ಕೆಲಸ ಮಾಡಿ, ಈಗ ಸರ್ಕಾರಿ ಸಹಾಯಕ ಎಂಜಿನಿಯರ್ ಹುದ್ದೆಯ ಪರೀಕ್ಷೆಗೆಂದು ಊರ ಕಡೆ ಮರಳಿದ ನನಗೆ ಕಳೆದ ಏಳು ತಿಂಗಳಲ್ಲಿ ಆ ಕೋಣೆಯ ವೈಫೈ ಮೂರು ಅವತಾರ ತಾಳಿದ್ದನ್ನು ಕುಳಿತಲ್ಲಿಂದಲೇ ನೋಡುವ ಅವಕಾಶ ಸಿಕ್ಕಿತು. ಓದಬೇಕಾದ ಹೊತ್ತಿನಲ್ಲಿ ಪಿಂಗ್ (ಕಳಿಸಿದ ಮಾಹಿತಿಗೆ ಉತ್ತರ ಮರಳಿ ಬರಲು ಹಿಡಿಯುವ ಸಮಯ) ಅಳೆಯುತ್ತ ಕುಳಿತದ್ದಕ್ಕೆ ಮನೆಯವರಿಂದ ಬೈಸಿಕೊಂಡಿದ್ದೇನೆ ಎಂಬುದನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ.

ನಾನು ಸೇರಿದಾಗ ಇದ್ದ ವ್ಯವಸ್ಥೆ ಅತ್ಯಂತ ಸರಳವಾಗಿತ್ತು. ಮಾಲೀಕರು 200 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ವೇಗದ ಫೈಬರ್ ಸಂಪರ್ಕ ತೆಗೆದುಕೊಂಡಿದ್ದರು, ಅದನ್ನು ಅರವತ್ನಾಲ್ಕರಿಂದ ಭಾಗಿಸಿದರೆ ಮೂರಕ್ಕಿಂತ ತುಸು ಹೆಚ್ಚು ಬರುತ್ತದೆ, ಆದ್ದರಿಂದ ಒಬ್ಬೊಬ್ಬರಿಗೂ 3 ಎಂಬಿಪಿಎಸ್ ಎಂದು ರೌಟರಿನಲ್ಲಿ ಗೆರೆ ಎಳೆಸಿದ್ದರು. ನಾನು ಆ ಬಗ್ಗೆ ಕೇಳಿದಾಗ ಅವರು ಕೊಟ್ಟ ಉತ್ತರ ಈ ಅವಳಿ ನಗರದಲ್ಲಿ ಬಾಳಿದ ಯಾರಿಗೂ ತಕ್ಷಣ ಅರ್ಥವಾಗುವಂಥದ್ದು: “ನಳಾ ಬಂದಾಗ ಮೊದಲನೇ ಮನಿಯಾಂವ ಮೋಟರ್ ಹಚ್ಚಿದ್ರ ಕಡೀ ಮನಿಗೆ ಹನಿ ನೀರು ಬರಂಗಿಲ್ಲ ನೋಡ್ರಿ ಸರ್ರ. ಅದಕ್ಕ ಎಲ್ಲಾರಿಗೂ ಒಂದೊಂದು ಕೊಡ ಅಂತ ಅಳತಿ ಮಾಡಿ ಇಟ್ಟೇನಿ.” ಹಲವು ದಿನಗಳಿಗೊಮ್ಮೆ ನಳದಲ್ಲಿ ನೀರು ಬರುವ ಓಣಿಗಳನ್ನು ಕಂಡವರ ನ್ಯಾಯಬುದ್ಧಿ ಇದು, ಮತ್ತು ಅದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ.

ಆದರೆ ನೀರಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಇಂದು ಬಳಸದೆ ಉಳಿದ ನೀರನ್ನು ನಾಳೆಗೆಂದು ಟಾಕಿಯಲ್ಲಿ ತುಂಬಿಡಬಹುದು. ಬಳಸದೆ ಉಳಿದ ಒಂದು ಸೆಕೆಂಡಿನ ವೈಫೈ ಅಲ್ಲಿಗೇ ಹೋಯಿತು. ಬೆಳಿಗ್ಗೆ ಆರೂವರೆಗೆ ಕೋಣೆಯಲ್ಲಿ ಏಳು ಜನ ಇರುತ್ತಿದ್ದರೆ ಏಳು ಮೂರಲೆ ಇಪ್ಪತ್ತೊಂದು ಬಳಕೆಯಾಗಿ ಉಳಿದ 179 ಎಂಬಿಪಿಎಸ್ ಯಾರಿಗೂ ದಕ್ಕದೆ ಕಳೆದುಹೋಗುತ್ತಿತ್ತು, ಅದೇ ವೇಳೆ ನಾನು ಹಳೆಯ ಪ್ರಶ್ನೆಪತ್ರಿಕೆಗಳ ಒಂದು ದೊಡ್ಡ ಕಡತ ಇಳಿಸಿಕೊಳ್ಳಲು ಚಹಾ ಕುಡಿದು ಬಂದರೂ ಮುಗಿಯದೆ ಕಾಯುತ್ತಿದ್ದೆ. ಹಂಚಿಕೆ ಸಮವಾಗಿದ್ದೂ ದಂಡವಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ವಿಚಿತ್ರವೆಂದರೆ ಸಂಜೆ ಕೋಣೆ ತುಂಬಿದಾಗ ಆ 3 ಕೂಡ ಸಿಗುತ್ತಿರಲಿಲ್ಲ. ಎಷ್ಟೋ ಸಲ ಒಂದನ್ನೂ ಮುಟ್ಟುತ್ತಿರಲಿಲ್ಲ. ಮಾಲೀಕರು ಫೈಬರ್ ಕಂಪನಿಯವರಿಗೆ ಫೋನ್ ಮಾಡಿ ಜಗಳವಾಡಿದರು. ಅವರು ಬಂದು ತಂತಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ 200 ಬರುವುದನ್ನು ತೋರಿಸಿ ಹೋದರು. ಅವರ ಮಾತು ನಿಜವೇ ಆಗಿತ್ತು, ಏಕೆಂದರೆ ಕೊರತೆ ಇದ್ದದ್ದು ತಂತಿಯಲ್ಲಲ್ಲ, ಗಾಳಿಯಲ್ಲಿ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ವೈಫೈನಲ್ಲಿ ಒಂದು ಚಾನೆಲ್ಲಿನ ಮೇಲೆ, ಅಂದರೆ ರೇಡಿಯೊ ತರಂಗದ ಒಂದು ದಾರಿಯ ಮೇಲೆ, ಸಾಮಾನ್ಯವಾಗಿ ಒಂದು ಸಲಕ್ಕೆ ಒಬ್ಬರೇ ಮಾತಾಡಬಹುದು. ಯಾವುದೇ ಯಂತ್ರ ಮೊದಲು ಕಿವಿಗೊಟ್ಟು ಬೇರೆ ಯಾರೂ ಮಾತಾಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಮೇಲೆ ಒಂದಿಷ್ಟು ಕ್ಷಣ ಲೆಕ್ಕವಿಲ್ಲದ ಅಂದಾಜಿನಲ್ಲಿ ಕಾದು, ಆಮೇಲೆ ತನ್ನ ಮಾತು ಕಳಿಸುತ್ತದೆ. ಪಂಕ್ತಿಯಲ್ಲಿ ಎಲ್ಲರಿಗೂ ಅವಕಾಶ ಸರಿಸುಮಾರು ಸಮನಾಗಿ ಸಿಗಲೆಂದೇ ಈ ಏರ್ಪಾಡು. ಆದರೆ ಸಮವಾಗುವುದು ಅವಕಾಶದ ಸಂಖ್ಯೆ, ಅವಕಾಶದ ಅವಧಿಯಲ್ಲ. ರೌಟರಿನ ಹತ್ತಿರ ಕುಳಿತವರ ಯಂತ್ರ ಅದೇ ಮಾತನ್ನು ವೇಗವಾಗಿ ಹೇಳಿ ಮುಗಿಸುತ್ತದೆ. ಗೋಡೆಯಾಚೆ ಕುಳಿತ ಹಳೆಯ ಯಂತ್ರ, ಕೇಳಿಸದವರಿಗೆ ಒತ್ತಿ ಒತ್ತಿ ಹೇಳಿದಂತೆ, ನಿಧಾನವಾಗಿ ಹೇಳುತ್ತದೆ, ಮತ್ತು ಅದು ಮುಗಿಸುವವರೆಗೆ ಉಳಿದವರೆಲ್ಲ ಬಾಯಿ ಮುಚ್ಚಿ ಕುಳಿತಿರಬೇಕು.

ನಮ್ಮ ಕೋಣೆಯಲ್ಲಿ ಆ ಹಳೆಯ ಯಂತ್ರ ಯಾವುದೆಂದು ನನಗೆ ಗೊತ್ತಾದದ್ದು ಎರಡನೆಯ ಅವತಾರದ ಕಾಲದಲ್ಲಿ. ಗ್ರಾಹಕರ ಗೊಣಗಾಟ ತಾಳಲಾರದೆ ಮಾಲೀಕರು 3ರ ಗೆರೆಯನ್ನು ಅಳಿಸಿಬಿಟ್ಟಿದ್ದರು. ಬೆಳಗಿನ ಹೊತ್ತು ಸ್ವರ್ಗವಾಯಿತು, ಸಂಜೆ ನರಕವಾಯಿತು. ಎಂಟು ಗಂಟೆಗೆ ಆನ್‌ಲೈನ್ ಪಾಠಗಳು ಶುರುವಾಗುವ ವೇಳೆಗೆ ನನ್ನ ಪಿಂಗ್ 340 ಮಿಲಿಸೆಕೆಂಡಿಗೆ ಏರಿರುತ್ತಿತ್ತು. ಮೂಲೆಯ ಒಬ್ಬ ಹುಡುಗ ಡೌನ್‌ಲೋಡ್ ಮ್ಯಾನೇಜರ್ ಹಾಕಿಕೊಂಡು ಒಂದೇ ಕಡತಕ್ಕೆ ಹದಿನಾರು ಸಂಪರ್ಕ ತೆರೆದು ತರಗತಿಯ ವಿಡಿಯೊಗಳನ್ನು ಕಟ್ಟುಕಟ್ಟಾಗಿ ಇಳಿಸುತ್ತಿದ್ದ. ಪಾಳೆಯಲ್ಲಿ ತಾನೊಬ್ಬನೇ ಬಂದು ಹದಿನಾರು ಚಪ್ಪಲಿ ಇಟ್ಟು ಹೋದವನ ಹಾಗೆ. ಅವನನ್ನು ನಾನು ದೂರುವುದಿಲ್ಲ, ನಿಯಮ ಇರದಲ್ಲಿ ಚಪ್ಪಲಿ ಇಡುವುದು ತಪ್ಪಲ್ಲ. ಒಂದು ದಿನ ನನ್ನ ಹಿಂದಿನ ಸಾಲಿನಲ್ಲಿ, ಮೆಟ್ಟಿಲ ಬಾಗಿಲ ಬಳಿ 63ನೆಯ ಕುರ್ಚಿಯಲ್ಲಿ ಕೂರುತ್ತಿದ್ದ ಬ್ಯಾಡಗಿ ಕಡೆಯ ಹುಡುಗಿಯೊಬ್ಬಳು ಅಣಕು ಪರೀಕ್ಷೆಯ ನಡುವೆ ಎದ್ದು ಬಂದು “ಅಣ್ಣಾ, ನನ್ನ ಟೆಸ್ಟ್ ಅರ್ಧಕ್ಕ ನಿಂತೈತ್ರಿ, ಟೈಮ್ ಮಾತ್ರ ಓಡಾಕತ್ತೈತಿ, ಸ್ವಲ್ಪ ನೋಡ್ತೀರೇನು” ಎಂದಳು. ಅವಳ ಅಣ್ಣನಿಂದ ಬಂದ ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್ ಅದು. ಒಂದೇ ಆ್ಯಂಟೆನಾ, 2.4 ಗಿಗಾಹರ್ಟ್ಸ್ ಎಂಬ ಹಳೆಯ ತರಂಗಪಟ್ಟಿ ಮಾತ್ರ. ಅದಕ್ಕೂ ರೌಟರಿಗೂ ನಡುವೆ ಒಂದು ಗೋಡೆ ಮತ್ತು ಮಾಲೀಕರ ಕಾಗದಪತ್ರ ಇಟ್ಟ ಕಬ್ಬಿಣದ ತಿಜೂರಿ. ಸಂಪರ್ಕದ ವೇಗ ನೋಡಿದರೆ 6.5 ಎಂಬಿಪಿಎಸ್ ಎಂದು ತೋರಿಸುತ್ತಿತ್ತು, ಅಂದರೆ ಆ ಪೀಳಿಗೆಯ ವೈಫೈನ ತಳಮೆಟ್ಟಿಲು. ಅಂಥದ್ದೇ ಯಂತ್ರ ರೌಟರಿನ ಬಳಿ ಇದ್ದರೆ 65 ತೋರಿಸುತ್ತದೆ.

ಈಗ ಲೆಕ್ಕ ಹಾಕಿ ನೋಡೋಣ. ಲೆಕ್ಕ ಸುಲಭವಾಗಲೆಂದು ಕೋಣೆಯಲ್ಲಿ ಇಬ್ಬರೇ ಇದ್ದಾರೆ ಎಂದುಕೊಳ್ಳೋಣ, ಮತ್ತು ವೈಫೈ ತನ್ನ ಸ್ವಂತ ಖರ್ಚಿಗೆ ತಿನ್ನುವ ಸಮಯವನ್ನು ಬಿಟ್ಟುಬಿಡೋಣ. ಒಬ್ಬರದು 65, ಇನ್ನೊಬ್ಬರದು 6.5. ಇಬ್ಬರಿಗೂ ಸಮಸಂಖ್ಯೆಯ ಅವಕಾಶ ಎಂದರೆ ಇಬ್ಬರೂ ಅಷ್ಟೇ ಮಾಹಿತಿ ಕಳಿಸುತ್ತಾರೆ. 65 ಮೆಗಾಬಿಟ್ ಕಳಿಸಲು ಮೊದಲಿನವರಿಗೆ ಒಂದು ಸೆಕೆಂಡು, ಎರಡನೆಯವರಿಗೆ ಹತ್ತು. ಒಟ್ಟು ಹನ್ನೊಂದು ಸೆಕೆಂಡಿನಲ್ಲಿ ತಲಾ 65, ಅಂದರೆ ತಲಾ 5.9 ಎಂಬಿಪಿಎಸ್. 65ರ ವೇಗದ ಯಂತ್ರ ಇಟ್ಟುಕೊಂಡವರೂ ಆರಕ್ಕೆ ಇಳಿದು ಕುಳಿತರು. ಒಬ್ಬ ನಿಧಾನಿಯ ಕಾರಣಕ್ಕೆ ಎಲ್ಲರೂ ನಿಧಾನಿಗಳಾಗುವ ಈ ದೋಷವನ್ನು 2003ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು ಅಳೆದು ತೋರಿಸಿದರು. ಅಲ್ಲಿಂದ ಈಚೆಗೆ ವೈಫೈ ಎಷ್ಟೋ ಪಟ್ಟು ವೇಗವಾಯಿತು, ಆದರೆ ಅಗ್ಗದ ರೌಟರುಗಳಲ್ಲಿ ಈ ರೋಗ ಇನ್ನೂ ಹಾಗೆಯೇ ಇದೆ.

ಅವಕಾಶದ ಸಂಖ್ಯೆಯ ಬದಲು ಸಮಯವನ್ನೇ ಸಮ ಮಾಡಿದರೆ ಏನಾಗುತ್ತದೆ? ಇಬ್ಬರಿಗೂ ಅರ್ಧರ್ಧ ಸೆಕೆಂಡು. ವೇಗದ ಯಂತ್ರಕ್ಕೆ 32.5, ನಿಧಾನದ ಯಂತ್ರಕ್ಕೆ 3.25. ಒಟ್ಟು ಮೊತ್ತ 11.8ರಿಂದ 35.75ಕ್ಕೆ ಜಿಗಿಯಿತು. ಆದರೆ ಬ್ಯಾಡಗಿಯ ಹುಡುಗಿಯ ಪಾಲು 5.9ರಿಂದ 3.25ಕ್ಕೆ ಇಳಿಯಿತು. ಇದು ನ್ಯಾಯವೋ ಅನ್ಯಾಯವೋ? ನನಗೆ ಇದರ ಉತ್ತರ ಪುಸ್ತಕಕ್ಕಿಂತ ಮೊದಲು ಹೊಲದಲ್ಲಿ ಸಿಕ್ಕಿತ್ತು. ನರಗುಂದದ ಕಡೆ ನಮ್ಮ ಕಾಕಾನ ಹೊಲ ಕಾಲುವೆಯ ಕೊನೆಯಲ್ಲಿದೆ. ಪಾಳಿಯ ಪ್ರಕಾರ ಎಕರೆಗೆ ಇಷ್ಟು ಗಂಟೆ ಎಂದು ತೂಬು ತೆರೆಯುತ್ತಾರೆ. ಗಂಟೆ ಎಲ್ಲರಿಗೂ ಒಂದೇ, ಆದರೆ ದಾರಿಯುದ್ದಕ್ಕೂ ಮಣ್ಣು ಕುಡಿದು ಉಳಿದ ನೀರು ಕೊನೆಯ ಹೊಲಕ್ಕೆ ಮುಟ್ಟುವಾಗ ಕಡಿಮೆಯಿರುತ್ತದೆ. ಕಾಕಾ ಅದಕ್ಕೆ ಗೊಣಗುತ್ತಿದ್ದರೇ ಹೊರತು, ನೀರು ಸಮ ಬರಲೆಂದು ತನ್ನ ಹೊಲಕ್ಕೆ ಹತ್ತು ಪಟ್ಟು ಗಂಟೆ ಕೊಡಬೇಕೆಂದು ಒಮ್ಮೆಯೂ ಕೇಳಿದವರಲ್ಲ, ಏಕೆಂದರೆ ಹಾಗೆ ಮಾಡಿದರೆ ಮೇಲಿನ ಹತ್ತು ಹೊಲ ಒಣಗುತ್ತವೆಂದು ಅವರಿಗೆ ಗೊತ್ತಿತ್ತು. ಅವರ ಬೇಡಿಕೆ ಬೇರೆಯೇ ಇತ್ತು: ಕಾಲುವೆಯ ಹೂಳು ತೆಗೆಯಿರಿ. ಆ ಮಾತಿಗೆ ಮುಂದೆ ಬರುತ್ತೇನೆ.

ಪುಸ್ತಕದ ಉತ್ತರವೂ ಇದೆ. ಕೇಂಬ್ರಿಜ್‌ನ ಗಣಿತಜ್ಞ ಫ್ರ್ಯಾಂಕ್ ಕೆಲ್ಲಿ 1997ರಲ್ಲಿ ಮುಂದಿಟ್ಟ ಅಳತೆಯಂತೆ, ಒಂದು ಹಂಚಿಕೆಯಿಂದ ಇನ್ನೊಂದಕ್ಕೆ ಹೋದರೆ ಪ್ರತಿಯೊಬ್ಬರ ಲಾಭನಷ್ಟವನ್ನು ಶೇಕಡಾವಾರು ಬರೆದು ಕೂಡಿಸಬೇಕು. ಯಾವ ಹಂಚಿಕೆಯನ್ನು ಬಿಟ್ಟು ಎಲ್ಲಿಗೆ ಹೋದರೂ ಆ ಮೊತ್ತ ಸೊನ್ನೆಗಿಂತ ಮೇಲೇಳುವುದಿಲ್ಲವೋ ಅದು ಒಪ್ಪತಕ್ಕ ಹಂಚಿಕೆ. ಅದಕ್ಕೆ ಪ್ರೊಪೋರ್ಷನಲ್ ಫೇರ್‌ನೆಸ್ ಎನ್ನುತ್ತಾರೆ. ನಮ್ಮ ಇಬ್ಬರ ಲೆಕ್ಕದಲ್ಲಿ 5.9-5.9ರಿಂದ 32.5-3.25ಕ್ಕೆ ಹೋದರೆ ಒಬ್ಬರಿಗೆ ಶೇ. 450 ಲಾಭ, ಇನ್ನೊಬ್ಬರಿಗೆ ಶೇ. 45 ನಷ್ಟ. ಕೂಡಿಸಿದರೆ ಬಹಳ ಮೇಲೆ. ಆದ್ದರಿಂದ ಹಳೆಯ ಹಂಚಿಕೆ ಬಿಡತಕ್ಕದ್ದೇ. ಹಾಗೆಂದು ಒಟ್ಟು ಮೊತ್ತವನ್ನೇ ದೇವರೆಂದು ನಂಬಿ ಇಡೀ ಸಮಯವನ್ನು ವೇಗದ ಯಂತ್ರಕ್ಕೆ ಕೊಟ್ಟರೆ 65 ಸಿಗುತ್ತದೆ ನಿಜ, ಆದರೆ ಹುಡುಗಿಗೆ ಸೊನ್ನೆ. ಯಾರನ್ನೂ ಸೊನ್ನೆಗೆ ಇಳಿಸದಿರುವುದು ಈ ಅಳತೆಯ ಗುಣ.

ಇನ್ನೊಂದು ಅಳತೆಗೋಲನ್ನೂ ನೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಕಂಪ್ಯೂಟರ್ ವಿಜ್ಞಾನಿ ರಾಜ್ ಜೈನ್ ತಮ್ಮ ಇಬ್ಬರು ಸಹೋದ್ಯೋಗಿಗಳೊಂದಿಗೆ 1984ರಲ್ಲಿ ಕೊಟ್ಟ ಸೂಚ್ಯಂಕ ಅದು: ಎಲ್ಲರ ಪಾಲನ್ನು ಕೂಡಿಸಿ ವರ್ಗ ಮಾಡಿ, ಅದನ್ನು ತಲೆಎಣಿಕೆ ಮತ್ತು ಪಾಲುಗಳ ವರ್ಗಗಳ ಮೊತ್ತ ಇವೆರಡರ ಗುಣಲಬ್ಧದಿಂದ ಭಾಗಿಸಬೇಕು. ಎಲ್ಲರೂ ಸಮವಾಗಿದ್ದರೆ 1 ಬರುತ್ತದೆ, ಅಸಮತೆ ಹೆಚ್ಚಿದಂತೆ ಇಳಿಯುತ್ತದೆ. 32.5-3.25ರ ಹಂಚಿಕೆಗೆ ವೇಗವನ್ನು ಹಾಕಿ ನೋಡಿದರೆ ಸುಮಾರು 0.6 ಬರುತ್ತದೆ, ಅದೇ ಹಂಚಿಕೆಗೆ ಸಮಯವನ್ನು ಹಾಕಿದರೆ ಪೂರ್ತಿ 1. ಸೂತ್ರ ಒಂದೇ, ಹಂಚಿಕೆ ಒಂದೇ, ಅಂಕ ಬೇರೆ. ಏನನ್ನು ಸಮ ಮಾಡುತ್ತಿದ್ದೀರಿ ಎಂದು ಹೇಳದೆ ‘ಸಮ ಹಂಚಿದ್ದೇವೆ’ ಎನ್ನುವ ಯಾವ ಸೇವೆಯವರ ಮಾತನ್ನೂ ನಾನು ಅಂದಿನಿಂದ ಪೂರ್ತಿ ನಂಬುವುದಿಲ್ಲ.

ಮೂರನೆಯ ಅವತಾರ ಬಂದದ್ದು ನಾಲ್ಕನೆಯ ತಿಂಗಳಲ್ಲಿ. ನನ್ನ ಲೆಕ್ಕದ ಹಾಳೆಯನ್ನು ಮಾಲೀಕರ ಮುಂದಿಟ್ಟೆ. ಅವರು ಲೆಕ್ಕ ನೋಡಲಿಲ್ಲ, ಕಾಲುವೆಯ ಮಾತು ಕೇಳಿ ಒಪ್ಪಿದರು. ಅವರೂ ನವಲಗುಂದದ ಕಡೆಯವರು. ‘ವೈಫೈ 6’ ಪೀಳಿಗೆಯ ಎರಡು ಹೊಸ ಸಾಧನಗಳು ಬಂದವು, ಕೋಣೆಯ ಎರಡು ತುದಿಗೆ ಒಂದೊಂದು. ಅವುಗಳಲ್ಲಿ ಏರ್‌ಟೈಮ್ ಫೇರ್‌ನೆಸ್ ಎಂಬ ಆಯ್ಕೆಯಿದೆ, ಅಂದರೆ ಮೇಲೆ ಹೇಳಿದ ಸಮಯದ ಪಾಳಿ. ಪೆಟ್ಟಿಗೆಯಿಂದ ಬರುವಾಗ ಅದು ಆಫ್ ಆಗಿರುತ್ತದೆ, ಹುಡುಕಿ ಹಚ್ಚಬೇಕು. ಹೆಚ್ಚಿನ ಯಂತ್ರಗಳನ್ನು 5 ಗಿಗಾಹರ್ಟ್ಸ್‌ಗೆ ಸರಿಸಿದೆವು. ಭಾರತದಲ್ಲಿ 2018ರಲ್ಲಿ ಆ ತರಂಗಪಟ್ಟಿಯ 605 ಮೆಗಾಹರ್ಟ್ಸ್ ಪರವಾನಗಿಮುಕ್ತವಾದ ಮೇಲೆ ಅಲ್ಲಿ ಜಾಗಕ್ಕೆ ಬರವಿಲ್ಲ. ಫೈಬರ್ ತುದಿಯಲ್ಲಿ ಒಂದು ಸಣ್ಣ ಲಿನಕ್ಸ್ ಪೆಟ್ಟಿಗೆಯನ್ನು (ಲಿನಕ್ಸ್ ತಂತ್ರಾಂಶದ ಪುಟ್ಟ ಕಂಪ್ಯೂಟರ್) ನಾನೇ ಕೂಡಿಸಿ ಅದರಲ್ಲಿ ಕೇಕ್ ಎಂಬ ಸರದಿ ವ್ಯವಸ್ಥೆ ಹಾಕಿದೆ. ಹದಿನಾರು ಚಪ್ಪಲಿ ಇಟ್ಟವನನ್ನೂ ಒಂದೇ ಚಪ್ಪಲಿ ಇಟ್ಟವರನ್ನೂ ಅದು ಒಂದೊಂದು ತಲೆಯೆಂದೇ ಎಣಿಸುತ್ತದೆ, ಮತ್ತು ಪಾಳೆ ಉದ್ದವಾಗಿ ಬೆಳೆದು ಎಲ್ಲರನ್ನೂ ಕಾಯಿಸದಂತೆ ನೋಡಿಕೊಳ್ಳುತ್ತದೆ. ಅದಾದ ಮೇಲೆ ರಾತ್ರಿ ಎಂಟರ ಪಿಂಗ್ 25 ಮಿಲಿಸೆಕೆಂಡಿನ ಆಸುಪಾಸಿಗೆ ಬಂದು ನಿಂತಿದೆ. ಬೆಳಿಗ್ಗೆ ಏಳು ಜನರಿದ್ದರೆ, ಮುಂದೆ ಹೇಳುವ ಸ್ಪೆಷಲ್ ಸೀಟಿನ ಪಾಲು ಬಿಟ್ಟು ಉಳಿದದ್ದನ್ನೆಲ್ಲ ಏಳು ಜನರೇ ಹಂಚಿಕೊಳ್ಳುತ್ತಾರೆ. ಡೌನ್‌ಲೋಡ್ ಹುಡುಗ ಈಗಲೂ ಇಳಿಸುತ್ತಲೇ ಇದ್ದಾನೆ. ಬೇರೆಯವರಿಗೆ ಅದು ಗೊತ್ತಾಗುವುದಿಲ್ಲ, ಅಷ್ಟೆ.

ಇನ್ನು ಆ ಹೂಳಿನ ಮಾತು. ಸಮಯದ ಪಾಳಿ ಹಚ್ಚಿದ ದಿನ ನನಗೆ ಬ್ಯಾಡಗಿಯ ಹುಡುಗಿಯ ಯೋಚನೆಯೇ ಇತ್ತು, ಏಕೆಂದರೆ ಇಡೀ ಕೋಣೆಯ ಉದ್ಧಾರಕ್ಕೆ ಬೆಲೆ ತೆರುವವಳು ಅವಳೊಬ್ಬಳೇ ಆಗಿದ್ದಳು. ಅಣಕು ಪರೀಕ್ಷೆಗೆ 1 ಎಂಬಿಪಿಎಸ್ ಕೂಡ ಬೇಕಾಗಿಲ್ಲ, ಆದರೆ ತುಂಬಿದ ಕೋಣೆಯಲ್ಲಿ ಅವಳ ಪಾಲು ಅದಕ್ಕೂ ಕೆಳಗೆ ಹೋಗಬಹುದಿತ್ತು. ಅದಕ್ಕೊಂದು ಕನಿಷ್ಠ ಖಾತರಿ ಬರೆಯಬೇಕೆಂದು ನಾನು ರಾತ್ರಿಯೆಲ್ಲ ಕೂತು ಸೆಟ್ಟಿಂಗ್ ಹುಡುಕಿದೆ. ಮರುದಿನ ಬೆಳಿಗ್ಗೆ ಮಾಲೀಕರು ಬಂದು, ತಿಜೂರಿಯನ್ನು ಇಬ್ಬರು ಹುಡುಗರಿಂದ ಹೊರಗಿನ ಪಡಸಾಲೆಗೆ ತಳ್ಳಿಸಿ, ಅವಳ ಕುರ್ಚಿಯನ್ನು 63ರಿಂದ 27ಕ್ಕೆ, ಹೊಸ ಸಾಧನದ ನೇರ ಕೆಳಗೆ, ಬದಲಿಸಿ ಹೋದರು. ಅವಳ ಲ್ಯಾಪ್‌ಟಾಪಿನಲ್ಲಿ 65 ಬಂತು. ಅಂದರೆ ಮೇಲಿನ ಇಬ್ಬರ ಲೆಕ್ಕದಲ್ಲಿ ಈಗ ಇಬ್ಬರಿಗೂ 32.5, ಯಾವ ಅಳತೆಗೋಲು ಹಿಡಿದರೂ ಸೂಚ್ಯಂಕ 1. ನಾಲ್ಕು ವರ್ಷ ಓದಿ, ಆರು ವರ್ಷ ದುಡಿದ ನನಗೆ ಆ ತಿಜೂರಿ ಕಣ್ಣಿಗೆ ಬಿದ್ದಿತ್ತು, ತಳ್ಳಬೇಕೆಂದು ಮಾತ್ರ ಹೊಳೆದಿರಲಿಲ್ಲ.

ನೆರೆಹೊರೆಯದು ಇನ್ನೊಂದು ಕತೆ. ಸಪ್ತಾಪುರದ ಆ ಗಲ್ಲಿಯಲ್ಲಿ ಗೋಡೆಗೆ ಗೋಡೆ ತಾಗಿ ಇಂಥ ಕೋಣೆಗಳು, ಪಿಜಿಗಳು. ಫೋನು ತೆರೆದರೆ ಹತ್ತೊಂಬತ್ತು ವೈಫೈ ಹೆಸರುಗಳು. 2.4 ಗಿಗಾಹರ್ಟ್ಸ್‌ನಲ್ಲಿ ಹದಿಮೂರು ಚಾನೆಲ್ ಇವೆಯೆಂದು ಕಂಡರೂ ಅವು ಒಂದರ ಮೇಲೊಂದು ಹಾಸಿಕೊಂಡಿರುತ್ತವೆ. ಪರಸ್ಪರ ತಗುಲದೆ ಒಟ್ಟಿಗೆ ಬಳಸಲು 1, 6, 11 ಈ ಮೂರೇ. ಅಕ್ಕಪಕ್ಕದ ಇಬ್ಬರು ಯಾವುದೋ ತಿಳಿವಳಿಕೆಯಿಂದ 3 ಮತ್ತು 9 ಹಿಡಿದು ಕುಳಿತಿದ್ದರು. ಇದು ಪರವಾನಗಿ ಬೇಡದ ತರಂಗಪಟ್ಟಿ, ಯಾರ ಮೇಲೂ ಯಾರೂ ಅಧಿಕಾರ ಚಲಾಯಿಸುವಂತಿಲ್ಲ. ಮಾಲೀಕರು ಒಂದು ಭಾನುವಾರ ಇಬ್ಬರನ್ನೂ ಚಹಾ, ಗಿರ್ಮಿಟ್‌ಗೆ ಕರೆದರು. ನಾನು ಮೂರು ಚಾನೆಲ್ಲುಗಳ ಚಿತ್ರ ಬರೆದು ತೋರಿಸಿದೆ. ಅರ್ಧ ಗಂಟೆಯಲ್ಲಿ ಒಬ್ಬರಿಗೆ 1, ನಮಗೆ 6, ಇನ್ನೊಬ್ಬರಿಗೆ 11 ಎಂದು ತೀರ್ಮಾನವಾಯಿತು. ಆ ಒಪ್ಪಂದ ಇವತ್ತಿಗೂ ನಡೆಯುತ್ತಿದೆ. ಮೇಲಿನ ಮನೆಯವರ ರೌಟರ್ ಮಾತ್ರ ಆಗಾಗ ತಾನೇ ಚಾನೆಲ್ ಬದಲಿಸಿಕೊಂಡು ನಮ್ಮ 6ರೊಳಗೆ ನುಗ್ಗುತ್ತದೆ. ಅದಕ್ಕೆ ಗಿರ್ಮಿಟ್ ಕೊಟ್ಟು ಪ್ರಯೋಜನವಿಲ್ಲ.

‘ವೈಫೈ ಯಾಕೆ, ಮೊಬೈಲ್ ಡೇಟಾ ಸಾಕಲ್ಲ’ ಎನ್ನುವವರಿಗೆ ಒಂದು ಮಾತು. ಟವರಿನ ಹಂಚಿಕೆ ವೈಫೈಗಿಂತ ಬಹಳ ಜಾಣತನದ್ದು. ಅಲ್ಲಿ ಎಲ್ಲರೂ ಕಿವಿಗೊಟ್ಟು ತಾವಾಗಿಯೇ ಮಾತಾಡುವುದಿಲ್ಲ, ಟವರೇ ಪಾಳಿ ಕೂಗುತ್ತದೆ. 20 ಮೆಗಾಹರ್ಟ್ಸ್‌ನ 4ಜಿ ಚಾನೆಲ್ಲು ಪ್ರತಿ ಮಿಲಿಸೆಕೆಂಡಿಗೂ 100 ತುಂಡುಗಳಾಗಿ ಒಡೆಯುತ್ತದೆ. 100 ಮೆಗಾಹರ್ಟ್ಸ್‌ನ 5ಜಿ ಚಾನೆಲ್ಲು ಸಾಮಾನ್ಯವಾಗಿ ಅರ್ಧ ಮಿಲಿಸೆಕೆಂಡಿಗೊಮ್ಮೆ 273 ತುಂಡುಗಳಾಗಿ ಒಡೆಯುತ್ತದೆ. ಪ್ರತಿ ಫೋನೂ ತನಗೆ ಟವರಿನ ದನಿ ಎಷ್ಟು ಸ್ಪಷ್ಟವಾಗಿ ಕೇಳುತ್ತಿದೆ ಎಂಬುದನ್ನು 0ರಿಂದ 15ರವರೆಗಿನ ಅಂಕೆಯಲ್ಲಿ ತಿಳಿಸುತ್ತಿರುತ್ತದೆ. ಟವರು ಸಾಮಾನ್ಯವಾಗಿ ಬಳಸುವ ಉಪಾಯವೆಂದರೆ, ಈ ಕ್ಷಣ ಈ ಫೋನಿಗೆ ಎಷ್ಟು ಕಳಿಸಬಹುದು ಎಂಬುದನ್ನು ಅದಕ್ಕೆ ಇತ್ತೀಚೆಗೆ ಸರಾಸರಿ ಎಷ್ಟು ಸಿಕ್ಕಿದೆ ಎಂಬುದರಿಂದ ಭಾಗಿಸಿ, ಯಾರ ಭಾಗಲಬ್ಧ ದೊಡ್ಡದೋ ಅವರಿಗೆ ತುಂಡು ಕೊಡುವುದು. ಟವರಿನ ಬುಡದಲ್ಲಿರುವವರ ಜೊತೆ ಕೆಲಗೇರಿಯಾಚೆಯ ದೂರದ ಫೋನಿಗೆ ಪೈಪೋಟಿಯಿಲ್ಲ. ಅದು ಪೈಪೋಟಿ ಮಾಡಬೇಕಾದದ್ದು ತನ್ನ ಸರಾಸರಿಯ ಜೊತೆಗೇ. ತನ್ನ ಮಟ್ಟಿಗೆ ಒಳ್ಳೆಯ ಕ್ಷಣ ಬಂದಾಗ ಅದಕ್ಕೆ ಪಾಳಿ ಬರುತ್ತದೆ, ಬಹಳ ಹೊತ್ತು ಏನೂ ಸಿಗದಿದ್ದರೆ ಛೇದ ಚಿಕ್ಕದಾಗಿ ತಾನಾಗಿಯೇ ಮುಂದೆ ಬರುತ್ತದೆ. ಕೆಲ್ಲಿಯವರ ಅದೇ ಅಳತೆ, ಮಿಲಿಸೆಕೆಂಡಿನ ಲೆಕ್ಕದಲ್ಲಿ. ಇಷ್ಟು ಒಳ್ಳೆಯ ಹಂಚಿಕೆಯೂ ಹಂಚಲು ಇದ್ದಷ್ಟನ್ನೇ ಹಂಚಬಲ್ಲದು: ಸಂಜೆ ತರಗತಿಗಳು ಬಿಟ್ಟು ಸಾವಿರಾರು ಹುಡುಗರು ಸಪ್ತಾಪುರದ ರಸ್ತೆಗಿಳಿದಾಗ ನನ್ನ ಫೋನಿನಲ್ಲಿ ಪೂರ್ತಿ ಗೆರೆಗಳಿದ್ದರೂ ವಿಡಿಯೊ ಸುತ್ತುತ್ತ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಕೋಣೆಯ ವೈಫೈಯೇ ಮೇಲು.

ಈಗ ದೂರುಗಳು. ಎಲ್ಲಕ್ಕಿಂತ ದೊಡ್ಡದು ‘ಸ್ಪೆಷಲ್ ಸೀಟು’. ಕಿಟಕಿಯ ಪಕ್ಕದ ಎಂಟು ಕುರ್ಚಿಗಳಿಗೆ ತಿಂಗಳಿಗೆ 300 ರೂಪಾಯಿ ಹೆಚ್ಚು ಪಡೆದು ಅವಕ್ಕೆಂದೇ 50 ಎಂಬಿಪಿಎಸ್ ಕಾದಿರಿಸಲಾಗಿದೆ. ಹೆಚ್ಚು ಕೊಟ್ಟವರಿಗೆ ಹೆಚ್ಚು ಪಾಲು ಎಂಬುದಕ್ಕೆ ನನ್ನ ತಕರಾರಿಲ್ಲ. ತಕರಾರು ಕಾದಿರಿಸಿದ ರೀತಿಗೆ. ಸಂಜೆ ಆ ಎಂಟರಲ್ಲಿ ಎರಡೋ ಮೂರೋ ಕುರ್ಚಿ ತುಂಬಿರುತ್ತವೆ, ಉಳಿದ ಪಾಲು ಯಾರಿಗೂ ಸೇರದೆ ಹೋಗುತ್ತದೆ. ಮೊದಲಿನ 3ರ ಗೆರೆಯ ರೋಗವೇ ಮರಳಿ ಬಂದಿದೆ. ನಾನಿದನ್ನು ಹೇಳಿದಾಗ ಮಾಲೀಕರು “ಚಿಗರಿ ಬಸ್ಸಿಗೆ ಬ್ಯಾರೆ ರಸ್ತಾ ಕೊಟ್ಟಿಲ್ಲೇನ್ರಿ?” ಎಂದು ಕೇಳಿದರು. ಚಿಗರಿ ಎಂದರೆ ಹುಬ್ಬಳ್ಳಿ-ಧಾರವಾಡದ ನಡುವೆ ತನ್ನದೇ ಮೀಸಲು ದಾರಿಯಲ್ಲಿ ಓಡುವ ಬಿಆರ್‌ಟಿಎಸ್ ಬಸ್ಸು. ಚುರುಕಾದ ಪ್ರಶ್ನೆ, ಮತ್ತು ಪಕ್ಕದ ದಾರಿಯಲ್ಲಿ ಸ್ಕೂಟರ್ ಹಿಡಿದು ನಿಂತು ಖಾಲಿ ಬಿಆರ್‌ಟಿಎಸ್ ದಾರಿ ನೋಡಿ ಹಲ್ಲು ಕಡಿದವರು ಇದನ್ನು ಮೆಚ್ಚದಿರುವುದಿಲ್ಲ. ಆದರೆ ಚಿಗರಿಯ ದಾರಿಯಲ್ಲಿ ಒಂದು ಬಸ್ಸು ಹೋದರೆ ಹತ್ತಾರು ಜನ ಒಟ್ಟಿಗೆ ಸಾಗುತ್ತಾರೆ, ನಡುವೆ ಸ್ಕೂಟರ್ ಬಿಟ್ಟರೆ ಬಸ್ಸು ಬಂದಾಗ ಅದನ್ನು ಎತ್ತಿ ಆಚೆ ಇಡಲಾಗುವುದಿಲ್ಲ. ವೈಫೈನಲ್ಲಿ ಇಡಬಹುದು: ಸ್ಪೆಷಲ್ ಕುರ್ಚಿಯವರು ಇಲ್ಲದಾಗ ಬೇರೆಯವರು ಬಳಸಿ, ಅವರು ಬಂದ ಕ್ಷಣವೇ ಬಿಟ್ಟುಕೊಡುವ ಏರ್ಪಾಡು ನಾನು ಹಾಕಿದ ಅದೇ ಲಿನಕ್ಸ್ ಪೆಟ್ಟಿಗೆಯಲ್ಲಿದೆ. ಕಾದಿರಿಸುವ ಬದಲು ತೂಕ ಹೆಚ್ಚಿಸಿದರೆ ಸಾಕು, ಹತ್ತು ನಿಮಿಷದ ಕೆಲಸ. ಮಾಲೀಕರು ಒಪ್ಪಿಲ್ಲ, ಏಕೆಂದರೆ ಸಾಮಾನ್ಯ ಕುರ್ಚಿಯಲ್ಲಿ ಸಂಜೆಯೂ ಚೆನ್ನಾಗಿ ಬಂದರೆ 300 ಯಾರು ಕೊಡುತ್ತಾರೆ ಎಂಬುದು ಅವರ ಅಂಜಿಕೆ. ಅದು ತಾಂತ್ರಿಕ ಪ್ರಶ್ನೆಯಲ್ಲ, ನಾನು ಬಗೆಹರಿಸಲಾರೆ.

ಎರಡನೆಯ ದೂರು ಫೋನುಗಳದು. ಪೆಟ್ಟಿಗೆ ಎಣಿಸುವುದು ಯಂತ್ರಗಳನ್ನು, ಮನುಷ್ಯರನ್ನಲ್ಲ. ಲ್ಯಾಪ್‌ಟಾಪ್, ಫೋನು, ಟ್ಯಾಬ್ ಮೂರೂ ಇಟ್ಟುಕೊಂಡವರಿಗೆ ಮೂರು ತಲೆಯ ಪಾಲು. ಒಂದೇ ಫೋನಿನಲ್ಲಿ ಓದುವವರಿಗೆ ಒಂದು. ಹೆಸರಿಗೊಂದು ಲಾಗಿನ್ ಕೊಟ್ಟರೆ ಸರಿಹೋಗುತ್ತದೆ, ಮುಂದಿನ ತಿಂಗಳು ಕೊಡುತ್ತೇವೆ ಎಂದು ಮೂರು ತಿಂಗಳಿಂದ ಹೇಳುತ್ತಿದ್ದಾರೆ. ಮೂರನೆಯದು ಕರೆಂಟು: ಇನ್ವರ್ಟರಿಗೆ ಜೋಡಿಸಿರುವುದು ಬಾಗಿಲ ಬದಿಯ ಸಾಧನವನ್ನು ಮಾತ್ರ, ಹೀಗಾಗಿ ಕರೆಂಟು ಹೋದಾಗ ಕೋಣೆಯ ಎಲ್ಲರೂ ಒಂದರ ಮೇಲೆಯೇ ಬೀಳುತ್ತಾರೆ, ಜೊತೆಗೆ ಅರ್ಧ ಜನ ಹಾಟ್‌ಸ್ಪಾಟ್ ಹಚ್ಚಿ ಗಾಳಿಯನ್ನು ಇನ್ನಷ್ಟು ಕದಡುತ್ತಾರೆ. ಮಳೆಗಾಲದಲ್ಲಿ ಅಣಕು ಪರೀಕ್ಷೆಗೆ ಕೂರುವವರು ಇದನ್ನು ನೆನಪಿಡಬೇಕು.

ಕುರ್ಚಿ ಆರಿಸಿಕೊಳ್ಳುವವರಿಗೆ: ನಡುವಿನ ಸಾಲಿನ 21ರಿಂದ 30ರವರೆಗೆ ಯಾವುದು ಸಿಕ್ಕರೂ ತೆಗೆದುಕೊಳ್ಳಿ, 61ರಿಂದ 64ರವರೆಗಿನವು ತಿಜೂರಿ ಹೋದ ಮೇಲೆ ಸುಧಾರಿಸಿವೆ, ಆದರೂ ಹಳೆಯ ಯಂತ್ರವಿದ್ದರೆ ಬೇಡ. ಹೊಸ ಫೋನು, ಹೊಸ ಲ್ಯಾಪ್‌ಟಾಪ್ ಇದ್ದವರಿಗೆ ಸ್ಪೆಷಲ್ ಕುರ್ಚಿಯ 300 ರೂಪಾಯಿ ದಂಡ. ಆ ಹಣಕ್ಕೆ ಕಿಟಕಿಯ ಗಾಳಿ ಮಾತ್ರ ಹೆಚ್ಚು ಸಿಗುತ್ತದೆ, ಬೇಸಿಗೆಯಲ್ಲಿ ಅದೂ ಕಡಿಮೆ ಮಾತಲ್ಲ. ನಾನು ಎಂಟನೆಯ ತಿಂಗಳಿಗೂ ಸಾಮಾನ್ಯ ಕುರ್ಚಿಗೇ ದುಡ್ಡು ಕಟ್ಟಿದ್ದೇನೆ. 27 ಖಾಲಿಯಿಲ್ಲ, 28 ಸಿಕ್ಕಿದೆ.